ಲೋಯರ್ ಸ್ಪ್ರಿಂಗ್ ಸಡಿಲಿಸೋ ಮುಂಚೆ ಸಿ ಪೆಡಲ್ ಒತ್ತಿ ನೋಡಿ

ನಮಸ್ಕಾರ. ಪೆಡಲ್ ಸ್ಟೀಲ್ ಗಿಟಾರ್ ಕಟ್ಟೋ ಸರಣಿಗೆ ಮತ್ತೆ ಸ್ವಾಗತ. ಈ ಗಿಟಾರ್‌ನಲ್ಲಿ ಕಾಲಿನ ಪೆಡಲ್, ಮೊಣಕಾಲಿನ ಲಿವರ್ ತಂತಿಯ ಸ್ವರ ಬದಲಿಸುತ್ತೆ. ಏರಿಸೋದು ರೈಸ್, ಇಳಿಸೋದು ಲೋಯರ್, ಇಳಿದದ್ದನ್ನ ವಾಪಸ್ ಎಳೆಯೋದು ರಿಟರ್ನ್ ಸ್ಪ್ರಿಂಗ್. ಕಳೆದ ಸಂಚಿಕೆಗೆ ಒಂದು ಕಾಮೆಂಟ್ ಬಂದಿದೆ: "ಲೋಯರ್ ಲಿವರ್ ಗಟ್ಟಿ ಅನ್ನಿಸಿದರೆ ರಿಟರ್ನ್ ಸ್ಪ್ರಿಂಗ್ ಸಡಿಲ ಮಾಡಿದರಾಯ್ತು. ಹತ್ತೂ ತಂತಿಗೆ ಒಂದೇ ಸ್ಪ್ರಿಂಗ್ ಸಾಕು. ಇದಕ್ಕೆಲ್ಲ ಒಂದು ಸಂಚಿಕೆ ಬೇಕಾ?"

ಬೇಕು. ಇವತ್ತು ಪೂರ್ತಿ ಅದೇ.

ಲೋಯರ್ ರಿಟರ್ನ್ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅನ್ನೋದನ್ನ ಆ ತಂತಿಯ ಲೋಯರ್ ತೀರ್ಮಾನಿಸಲ್ಲ. ಅದೇ ತಂತಿಯ ಅತಿ ದೊಡ್ಡ ರೈಸ್ ತೀರ್ಮಾನಿಸುತ್ತೆ.

ಯಾಕೆ? ಆಲ್-ಪುಲ್ ಚೇಂಜರ್‌ನಲ್ಲಿ, ಅಂದರೆ ತಂತಿಯ ತುದಿಯಲ್ಲಿ ಸ್ವರ ಬದಲಿಸೋ ಯಂತ್ರದಲ್ಲಿ, ಪ್ರತಿ ತಂತಿಗೂ ಒಂದು ರೈಸ್ ಫಿಂಗರ್, ಒಂದು ಲೋಯರ್ ಫಿಂಗರ್ ಇರುತ್ತೆ. ಫಿಂಗರ್ ಅಂದರೆ ತಿರುಗೋ ಲೋಹದ ತುಂಡು. (ಎಮ್ಮನ್ಸ್ ಕಂಪನಿಯ ಪುಶ್-ಪುಲ್ ಗಿಟಾರ್ ಇಟ್ಟುಕೊಂಡವರು ಈ ಸಂಚಿಕೆ ಬಿಟ್ಟುಬಿಡಿ, ಅದರ ಕೆಲಸವೇ ಬೇರೆ.) ಪೆಡಲ್ ತುಳಿದಾಗ ರೈಸ್ ಫಿಂಗರ್ ತಿರುಗಿ ತಂತಿಯನ್ನ ಎಳೆಯುತ್ತೆ. ಆಗ ಅದು ಆನಿಕೊಂಡು ನಿಲ್ಲೋದು ಲೋಯರ್ ಫಿಂಗರ್ ಮೇಲೆ. ಆ ಲೋಯರ್ ಫಿಂಗರ್ ಅನ್ನ ಸ್ಟಾಪ್‌ಗೆ ಒತ್ತಿ ಹಿಡಿದಿರೋದು ಈ ಸ್ಪ್ರಿಂಗ್ ಒಂದೇ. ಅದು ಸೋತರೆ ಲೋಯರ್ ಫಿಂಗರ್ ಸ್ಟಾಪ್ ಬಿಟ್ಟು ಕೂದಲೆಳೆಯಷ್ಟು ಎದ್ದುಬರುತ್ತೆ, ರೈಸ್ ಸ್ವರ ತಗ್ಗುತ್ತೆ. ನೀವು ತಪ್ಪು ಹುಡುಕೋದು ರೈಸ್ ಕಡೆ, ತಪ್ಪು ಇರೋದು ಲೋಯರ್ ಕಡೆ!

ಲೆಕ್ಕ ನೋಡಿ. ನ್ಯಾಶ್‌ವಿಲ್ ಇ9 ಅನ್ನೋ ಹತ್ತು ತಂತಿಯ ಟ್ಯೂನಿಂಗ್, 24¼ ಇಂಚಿನ ಸ್ಕೇಲ್ (ಮಿಡಿಯೋ ತಂತಿಯ ಉದ್ದ), ನಾಲ್ಕನೇ ತಂತಿ, 0.014 ಗೇಜು (ಇಂಚಿನಲ್ಲಿ ದಪ್ಪ). ಇ ಸ್ವರದಲ್ಲಿ ಅದರ ಬಿಗಿತ ಸುಮಾರು 13 ಕೆ.ಜಿ. ಲಿವರ್‌ನಿಂದ ಇ ಫ್ಲಾಟ್‌ಗೆ ಇಳಿಸಿದರೆ 11.6. ಸಿ ಪೆಡಲ್‌ನಿಂದ ಎಫ್ ಶಾರ್ಪ್‌ಗೆ ಏರಿಸಿದರೆ 16.4. ಆ ಸ್ಪ್ರಿಂಗ್ ತಡೀಬೇಕಾದ್ದು ಈ 16.4 ಅನ್ನ. ಫಿಂಗರ್‌ನಲ್ಲಿ ಆಕ್ಸಲ್‌ನಿಂದ ತಂತಿ ಕೂರೋ ತಲೆಗೆ 10 ಮಿ.ಮೀ., ಸ್ಪ್ರಿಂಗ್ ತೂತಿಗೆ 30 ಮಿ.ಮೀ. ಇದೆ ಅಂತಿಟ್ಟುಕೊಳ್ಳಿ. ಸ್ಪ್ರಿಂಗ್ ಮೂರು ಪಟ್ಟು ದೂರ ಇರೋದರಿಂದ ಅದಕ್ಕೆ ಬೀಳೋದು ಮೂರನೇ ಒಂದು ಭಾಗ, 5.5 ಕೆ.ಜಿ. ಅದರ ಮೇಲೆ ಐದನೇ ಒಂದು ಭಾಗ ಸೇರಿಸಿ, 6.6. ನಿಮ್ಮ ಫಿಂಗರ್ ಬೇರೆ ಇದ್ದರೆ ನಿಮ್ಮ ಅಳತೆ ಹಾಕಿ. ಇದು ಶುರು ಮಾಡೋಕೆ ಬೇಕಾದ ಕನಿಷ್ಠ ಲೆಕ್ಕ, ಕೊನೆಯ ಮಾತು ಟ್ಯೂನರ್‌ದು.

ಈಗ ಆರನೇ ತಂತಿ, 0.020 ಪ್ಲೇನ್ (ಮೇಲೆ ಸುತ್ತಿಲ್ಲದ ಒಂಟಿ ತಂತಿ). ಜಿ ಶಾರ್ಪ್‌ನಲ್ಲಿ 10.6 ಕೆ.ಜಿ., ಬಿ ಪೆಡಲ್‌ನಿಂದ ಎ ಸ್ವರಕ್ಕೆ ಏರಿದಾಗ 11.9. ಅದೇ ಲೆಕ್ಕದಲ್ಲಿ 4.8 ಕೆ.ಜಿ. ಸಾಕು. ನಾಲ್ಕನೇ ತಂತಿಯ ಸ್ಪ್ರಿಂಗ್ ಇಲ್ಲಿಗೂ ಹಾಕಿದರೆ ಎಫ್ ಶಾರ್ಪ್‌ಗೆ ಇಳಿಸೋ ಲಿವರ್ ಸುಮ್ಮಸುಮ್ಮನೆ ಕಲ್ಲಾಗುತ್ತೆ. ಆರನೇದರ ಸ್ಪ್ರಿಂಗ್ ನಾಲ್ಕಕ್ಕೆ ಹಾಕಿದರೆ ಸಿ ಪೆಡಲ್ ಸ್ವರ ಮುಟ್ಟಲ್ಲ. ಹತ್ತಕ್ಕೂ ಒಂದೇ ಸ್ಪ್ರಿಂಗ್ ಅಂತೆ! ಮೂರನೇ ತಂತಿಗೆ ಸಾಮಾನ್ಯ ಸೆಟಪ್‌ನಲ್ಲಿ ಲೋಯರ್ರೇ ಇಲ್ಲ, ಅಲ್ಲಿ ಎಷ್ಟು ಬಿಗಿ ಹಾಕಿದರೂ ಯಾರ ಮೊಣಕಾಲೂ ನೋಯಲ್ಲ. ಒಂಬತ್ತನೇದಕ್ಕೆ ರೈಸ್ ಇಲ್ಲ, ಅಲ್ಲಿ ಹಗುರ ಸ್ಪ್ರಿಂಗ್ ಸಾಕು.

"ಹಾಗಾದರೆ ಲಿವರ್ ಗಟ್ಟಿಯಾಗಲ್ವಾ?" ಆಗದ ಹಾಗೆ ಆರಿಸಬೇಕು ಸ್ವಾಮಿ. ನಿಂತಲ್ಲಿ ಬಿಗಿ, ಎಳೆದಾಗ ಹೆಚ್ಚು ಏರದ ಸ್ಪ್ರಿಂಗ್ ಬೇಕು. ಅಂದರೆ ಉದ್ದದ ಸ್ಪ್ರಿಂಗ್. ಪೀಣ್ಯದಲ್ಲಿ ಸುತ್ತಿಸೋರು ಹೀಗೆ ಬರೆದುಕೊಡಿ: ಮ್ಯೂಸಿಕ್ ವೈರ್, ವೈರ್ ದಪ್ಪ 1.2 ಮಿ.ಮೀ., ಹೊರ ವ್ಯಾಸ 7.2 ಮಿ.ಮೀ., 30 ಸುತ್ತು, ಎರಡೂ ತುದಿಗೆ ಕೊಕ್ಕೆ. 3 ಮಿ.ಮೀ. ಎಳೆದರೆ ಇದು ಸುಮಾರು 1 ಕೆ.ಜಿ. ಹೆಚ್ಚಿಗೆ ಕೇಳುತ್ತೆ. ಅದೇ ವೈರ್‌ನ 15 ಸುತ್ತಿನದು 2 ಕೆ.ಜಿ. ಕೇಳುತ್ತೆ. ಮೊಣಕಾಲಿಗೆ ಗಟ್ಟಿ ಅನ್ನಿಸೋಕೆ ಈ ಏರಿಕೆಯೂ ಕಾರಣ. ವೈರ್ ದಪ್ಪವನ್ನ ಅಂಗಡಿಯವರ ಇಷ್ಟಕ್ಕೆ ಬಿಡಬೇಡಿ. ಅದೇ ಸುತ್ತಳತೆಯಲ್ಲಿ 1.2 ಹೋಗಿ 1.4 ಬಂದರೆ ಸ್ಪ್ರಿಂಗ್ ಹೆಚ್ಚುಕಮ್ಮಿ ಎರಡು ಪಟ್ಟು ಗಡಸಾಗುತ್ತೆ. ಇನ್ನು ಕೊಕ್ಕೆಯ ಮಡಿಕೆ ಚೂಪಾಗಿರಬಾರದು, ಫಿಂಗರ್ ತೂತಿನ ಅಂಚು ಉಜ್ಜಿ ನುಣುಪು ಮಾಡಿರಬೇಕು. ಸ್ಪ್ರಿಂಗ್ ಮುರಿಯೋದು ಹೊಟ್ಟೆಯಲ್ಲಲ್ಲ, ಕತ್ತಿನಲ್ಲಿ.

ಇಷ್ಟಾದ ಮೇಲೂ ಲಿವರ್ ಗಟ್ಟಿಯಾ? ಬೆಲ್‌ಕ್ರ್ಯಾಂಕ್‌ನಲ್ಲಿ (ಶಾಫ್ಟ್ ಮೇಲಿನ ತೂತುಗಳಿರೋ ತೋಳು) ಪುಲ್ ರಾಡ್ ಅನ್ನ, ಅಂದರೆ ಫಿಂಗರ್ ಎಳೆಯೋ ಸರಳನ್ನ, ಶಾಫ್ಟ್ ಕಡೆಗೆ ಒಂದು ತೂತು ಸರಿಸಿ. ಲಿವರ್ ಸ್ವಲ್ಪ ಹೆಚ್ಚು ದೂರ ಹೋಗುತ್ತೆ, ಹಗುರಾಗುತ್ತೆ. ಸ್ಪ್ರಿಂಗ್ ಮುಟ್ಟಬೇಡಿ.

ಈಗ ಅಡ್ಜಸ್ಟ್‌ಮೆಂಟ್. ಮೊದಲು ಗಿಟಾರ್ ತುದಿಯ ಎಂಡ್‌ಪ್ಲೇಟ್ ಹತ್ತಿರ, ಪುಲ್ ರಾಡ್ ತುದಿಯ ನೈಲಾನ್ ನಟ್ ನೋಡಿ. ಲಿವರ್ ಸುಮ್ಮನಿದ್ದಾಗ ನಟ್‌ಗೂ ಲೋಯರ್ ಫಿಂಗರ್‌ಗೂ ಮಧ್ಯೆ ಒಂದು ಕಾಗದ ತೂರೋವಷ್ಟು ಸಂದು ಇರಬೇಕು. ಇಲ್ಲದಿದ್ದರೆ ಫಿಂಗರ್ ಸ್ಟಾಪ್ ಮುಟ್ಟೋದೇ ಇಲ್ಲ, ಎಂಥ ಸ್ಪ್ರಿಂಗ್ ಹಾಕಿದರೂ ದಂಡ. ಆಮೇಲೆ ಟ್ಯೂನರ್ ಹಚ್ಚಿ ಸಿ ಪೆಡಲ್ ಪೂರ್ತಿ ಒತ್ತಿ ಹಿಡೀರಿ. ನಾಲ್ಕನೇ ತಂತಿ ಮೀಟಿ. ಅದು ಮೊಳಗ್ತಿರೋವಾಗಲೇ ಲೋಯರ್ ಫಿಂಗರ್ ಅನ್ನ ಬೆರಳಿಂದ ಸ್ಟಾಪ್ ಕಡೆಗೆ ಒತ್ತಿ. ಮುಳ್ಳು ಮೇಲಕ್ಕೆ ಹೋಯ್ತಾ? ಫಿಂಗರ್ ತೇಲ್ತಿದೆ, ಸ್ಪ್ರಿಂಗ್ ಸಾಲದು. ಒಂದು ತೂತು ಬಿಗಿ ಮಾಡಿ, ಮತ್ತೆ ಒತ್ತಿ ನೋಡಿ. ಮುಳ್ಳು ಅಲ್ಲಾಡೋದು ನಿಂತ ಮೇಲೆ ಇನ್ನೊಂದು ಚೂರು ಬಿಗಿ ಮಾಡಿ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಬೇಡ.

ಕೆಲವರ ಮದ್ದು ಇನ್ನೊಂದಿದೆ: "ರೈಸ್ ತಗ್ಗಿದರೆ ಅದರ ನೈಲಾನ್ ನಟ್ ಅರ್ಧ ಸುತ್ತು ತಿರುಗಿಸಿ." ತಿರುಗಿಸಿ! ಎಫ್ ಶಾರ್ಪ್ ಬರುತ್ತೆ, ಅದನ್ನ ಹಿಡಿದಿರೋದು ಸ್ಟಾಪ್ ಅಲ್ಲ, ತೇಲ್ತಿರೋ ಸ್ಪ್ರಿಂಗ್. ಒಂದು ಸಲ ಸರಿ, ಮುಂದಿನ ಸಲ ಕೆಳಗೆ. "ಬಾರ್ ಸರಿಸಿ ಸರಿಮಾಡ್ಕೋತೀನಿ" ಅಂತಾರೆ. ಕೈಯಲ್ಲಿ ಹಿಡಿಯೋ ಆ ಲೋಹದ ಬಾರ್ ಹತ್ತೂ ತಂತಿ ಮೇಲೆ ಕೂತಿರುತ್ತೆ, ಒಂದನ್ನ ಸರಿಮಾಡಿ ಉಳಿದದ್ದನ್ನ ಕೆಡಿಸ್ತೀರಿ. ರೈಸ್ ಹೇಳಿದಷ್ಟು ಬಿಗಿ, ಅಷ್ಟೇ. ರೈಸ್! ಲೋಯರ್ ಅಲ್ಲ!

ಮುಂದಿನ ಸಂಚಿಕೆ ಎರಡನೇ ತಂತಿಯ ಹಾಫ್-ಸ್ಟಾಪ್ (ಲಿವರ್ ಅರ್ಧ ದಾರಿಯಲ್ಲಿ ತಡೆಯೋ ಜಾಗ) ಬಗ್ಗೆ: ಡಿ ಶಾರ್ಪ್‌ನಿಂದ ಡಿ, ಅಲ್ಲಿಂದ ಸಿ ಶಾರ್ಪ್. ಚಂದಾದಾರರಾಗಿ, ಗಿಟಾರ್ ಕಟ್ತಿರೋ ನಿಮ್ಮ ಗೆಳೆಯರಿಗೆ ಈ ವಿಡಿಯೋ ಕಳಿಸಿ. ಕಾಮೆಂಟ್ ಬರೆದ ಸ್ನೇಹಿತರೇ, ಸಿ ಪೆಡಲ್ ಒತ್ತಿ ಹಿಡೀರಿ, ಲೋಯರ್ ಫಿಂಗರ್ ಮೇಲೆ ಬೆರಳಿಡಿ, ಮುಳ್ಳು ನೋಡಿ. ಎಷ್ಟು ಸೆಂಟ್ (ಅರ್ಧ ಸ್ವರದ ನೂರನೇ ಭಾಗ) ಏರಿತು ಅಂತ ಕೆಳಗೆ ಬರೀರಿ.