ನಮ್ಮ ತೋಟದ ಶರತ್ಕಾಲ, ಮಕ್ಕಳ ಜೊತೆ

ಈ ವಿಡಿಯೊದಲ್ಲಿ ಮುಂದೆ ಓಡುತ್ತಿರುವವಳು ನನ್ನ ಮಗಳು. ಹಿಂದೆ ಬರುತ್ತಿರುವವರು ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು. ಚಪ್ಪಲಿ ಹುಡುಕಿದ್ದನ್ನೆಲ್ಲ ಕತ್ತರಿಸಿದ್ದೇನೆ.

ಮಗಳಿಗೆಂದು ತಂದ ಈ ಋತುಗಳ ಚಾರ್ಟ್ ಬಗ್ಗೆ ಮಾತ್ರ ಹೇಳಲೇಬೇಕು. ಬೆಲೆ 120 ರೂಪಾಯಿ. ಲ್ಯಾಮಿನೇಷನ್ ಇದೆ ಎಂದು ಅಂಗಡಿಯವರು ಒಂದು ರೂಪಾಯಿಯನ್ನೂ ಬಿಡಲಿಲ್ಲ. ಶರತ್ಕಾಲದ ಚೌಕದಲ್ಲಿ ಏನಿದೆ ನೋಡಿ. ಕೆಂಪು ಮೇಪಲ್ ಎಲೆ, ಉಣ್ಣೆ ಟೋಪಿಯ ಹುಡುಗ. ಅಕ್ಟೋಬರ್‌ನಲ್ಲಿ ಕೊಡಗು ಎಲ್ಲಾದರೂ ಹೀಗಿರುತ್ತದೆಯೇ? ಮಗಳು ಚಾರ್ಟ್ ನೋಡಿದಳು, ಕಿಟಕಿಯಾಚೆ ನೋಡಿದಳು, "ಅಮ್ಮಾ, ನಮ್ಮ ಮರಗಳಿಗೆ ಇನ್ನೂ ಗೊತ್ತಾಗಿಲ್ಲವೇ?" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಕಣ್ಣೆದುರಿನ ಮರವೇ ತಪ್ಪು, ಕಾಗದದ ಮರವೇ ಸರಿ ಎಂದು ಮಗು ಅಂದುಕೊಂಡರೆ ಅದು ಎಂಥ ಪಾಠ? ಹಣವೂ ದಂಡ.

ಚಳಿದೇಶಗಳಲ್ಲಿ ಈ ಹೊತ್ತಿಗೆ ಹಗಲು ಬಹಳ ಕುಗ್ಗುತ್ತದೆ. ಅದರಿಂದ ಎಲೆಯ ಹಸಿರು ಅಳಿದು ಒಳಗಿದ್ದ ಹಳದಿ ಕಾಣಿಸುತ್ತದೆ. ನಮ್ಮಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ನಮ್ಮ ಬೂರುಗ, ಹಾಲುವಾಣ ಎಲೆ ಉದುರಿಸುವುದು ಮಳೆ ನಿಂತು ನೆಲ ಒಣಗಿದ ಮೇಲೆ.

ಇಲ್ಲಿ ಗೋಡೆ ನೋಡಿ. ಆಗಸ್ಟ್‌ನಲ್ಲಿ ಒತ್ತಿದರೆ ನೀರು ಜಿನುಗುತ್ತಿದ್ದ ಪಾಚಿ ಈಗ ಅಂಚಿನಲ್ಲಿ ಕಂದಾಗಿ ಉಗುರಿಗೆ ಪುಡಿಪುಡಿಯಾಗಿ ಬರುತ್ತಿದೆ. ಚಿಕ್ಕವನು ಒಂದೇ ಕಲ್ಲನ್ನು ಎಷ್ಟು ಹೊತ್ತು ಕೆರೆದ! ಜಿಗಣೆಯೂ ಕಡಿಮೆಯಾಗಿದೆ, ಇಲ್ಲದಿದ್ದರೆ ಇವರನ್ನು ಹುಲ್ಲಿಗೆ ಬಿಡುತ್ತಿರಲಿಲ್ಲ.

ಅರೇಬಿಕಾ ಕಾಫಿ ಗಿಡದ ಈ ಗೆಲ್ಲಿಗೆ ಮಗಳು ನೀಲಿ ದಾರ ಕಟ್ಟಿದ್ದಾಳೆ. ಬೇಸಿಗೆಯ ಹೂಮಳೆಗೆ ಅರಳಿದ್ದ ಹೂವೇ ಈಗ ಕಾಯಿ. ಒಂದೇ ಗೊಂಚಲಿನಲ್ಲಿ ಹಸಿರು, ತೊಟ್ಟಿನ ಬಳಿ ಹಳದಿ, ಒಂದೆರಡು ಮಾತ್ರ ಕೆಂಪು. ದಿನವೂ ಬಂದು ನೋಡುತ್ತಾಳೆ, ಕೀಳುವುದಿಲ್ಲ. ಮಕ್ಕಳಿಗೆ ಋತು ತಿಳಿಯಬೇಕಾದರೆ ಹೀಗೆ ಒಂದೇ ಗೆಲ್ಲನ್ನು ಅವರ ಪಾಲಿಗೆ ಬಿಟ್ಟುಕೊಡಬೇಕು.

ಗದ್ದೆಗೆ ಹಬ್ಬವೇ ಕ್ಯಾಲೆಂಡರ್. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೊರಟಾಗ ದಾರಿಯ ಗದ್ದೆಗಳು ಹಸಿರು, ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಹೊಂಬಣ್ಣ. ಅಯ್ಯೋ, ಹಕ್ಕಿ! ತೊರೆಯ ಕಲ್ಲಿನ ಮೇಲೆ ಬಾಲ ಕುಣಿಸುತ್ತಿರುವುದು ಬೂದು ಸಿಪಿಲೆ. ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬರುತ್ತದೆ. ಹಾರಿತು.

ಚಾರ್ಟ್ ಎಸೆಯೋಣವೆಂದಿದ್ದೆ. ಈಗ ಬೇಡ ಎನಿಸುತ್ತಿದೆ. ದೂರದ ದೇಶದ ಮಕ್ಕಳ ಶರತ್ಕಾಲ ಹೇಗಿರುತ್ತದೆ ಎಂದು ತೋರಿಸಲು ಅದು ಚೆನ್ನಾಗಿಯೇ ಇದೆ. "ಇದು ಅವರದು" ಎಂದು ಮೊದಲೇ ಹೇಳಿಬಿಟ್ಟರಾಯಿತು.

ಹನಿ ಬೀಳುತ್ತಿದೆ, ಹಿಂಗಾರಿನದು. ಗೊಂಚಲು ಪೂರ್ತಿ ಕೆಂಪಾದಾಗ ಅದೇ ಗೆಲ್ಲನ್ನು ಮತ್ತೆ ತೋರಿಸುತ್ತೇನೆ. ಮಕ್ಕಳೇ, ಒಳಗೆ ನಡೆಯಿರಿ!