ದಬರಿಯಲ್ಲಿ ಉಳಿದ ಸಾರು

ನಮಸ್ಕಾರ. ಇವತ್ತು ಊಟದ ವಿಷಯ ಮಾತಾಡೋಣ. ಹೋಟೆಲ್ ಊಟ ಅಲ್ಲ, ಮನೆ ಊಟ.

ನಮ್ಮದು ಬಂಗಾರಪೇಟೆ ಕಡೆ. ಪಾನಿಪುರಿಗೆ ಹೆಸರಾದ ಊರು. ನಮ್ಮ ಪಾನಿ ಹಸಿರಾಗಿರಲ್ಲ, ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತು. ಬಣ್ಣದ ಕಾಟನ್ ಕ್ಯಾಂಡಿಯನ್ನೂ ನಿಲ್ಲಿಸಿತು. ಆಮೇಲೆ ಪಾನಿಪುರಿ ಸ್ಯಾಂಪಲ್‌ಗಳೂ ಪರೀಕ್ಷೆಗೆ ಹೋದವು. ಆಗ ಎಲ್ಲಿ ನಿಂತರೂ ಇದೇ ಮಾತು. ಗಾಡಿಯವನ ಕೈ ಹೇಗಿದೆ, ಅವನ ನೀರು ಎಲ್ಲಿಯದು, ಎಣ್ಣೆ ಎಷ್ಟು ದಿನದ್ದು. ಕೇಳಬೇಕಾದ ಪ್ರಶ್ನೆಗಳೇ. ಆದರೆ ನಮ್ಮ ಮನೆ ಒಲೆ ಮೇಲೆ ರಾತ್ರಿಯಿಡೀ ಕೂತಿರುವ ಸಾರಿನ ದಬರಿ ಬಗ್ಗೆ ಯಾರೂ ಕೇಳಲ್ಲ, ಅಲ್ವಾ?

ನಾನೂ ಕೇಳಿರಲಿಲ್ಲ. ಕೆಲವು ವರ್ಷದ ಹಿಂದೆ ಹೊಸತೊಡಕಿನ ದಿನ ನಮ್ಮ ಮನೆಯಲ್ಲಿ ಇಪ್ಪತ್ತು ಜನ. ದೊಡ್ಡ ದಬರಿ ತುಂಬ ಮಟನ್ ಸಾರು. ಮಧ್ಯಾಹ್ನ ಮುದ್ದೆ ಜೊತೆ ಆಯಿತು, ರಾತ್ರಿ ಅನ್ನದ ಜೊತೆ ಆಯಿತು. ಇನ್ನೂ ಅರ್ಧ ಉಳಿದಿತ್ತು. ಮೇಲೊಂದು ತಟ್ಟೆ ಮುಚ್ಚಿ ಮಲಗಿದೆವು. ಬೆಳಿಗ್ಗೆ ತಟ್ಟೆ ತೆಗೆದಾಗ ಮೇಲೆ ಕೊಬ್ಬು ಕೆನೆಗಟ್ಟಿತ್ತು. ಸೌಟು ಇಳಿಸಿದರೆ ಒಳಗಡೆ ಇನ್ನೂ ಉಗುರು ಬೆಚ್ಚಗೆ. ಪರಿಮಳ ಚೆನ್ನಾಗಿಯೇ ಇತ್ತು. ಸ್ವಲ್ಪ ಬೆಚ್ಚಗೆ ಮಾಡಿ ಇಡ್ಲಿಗೆ ಹಾಕಿಕೊಂಡೆವು.

ಸಂಜೆ ಹೊತ್ತಿಗೆ ಒಬ್ಬೊಬ್ಬರಿಗೇ ಹೊಟ್ಟೆ ಹಿಂಡೋಕೆ ಶುರುವಾಯಿತು. ಏಳು ಜನಕ್ಕೆ ಭೇದಿ. ನಮ್ಮ ದೊಡ್ಡಮ್ಮನಿಗೆ ರಾತ್ರಿ ಡ್ರಿಪ್ ಹಾಕಿಸಬೇಕಾಯಿತು. ನಾವು ಒಂದು ವಾರ ಮಟನ್ ಅಂಗಡಿಯವನನ್ನೇ ಬೈದೆವು. ಅದೇ ಅಂಗಡಿಯ ಮಾಂಸ ನಮ್ಮ ಅರ್ಧ ಬೀದಿ ತಿಂದಿತ್ತು, ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಡ್ರಿಪ್ ಹಾಕಿದ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಸಾರನ್ನ ಎಲ್ಲಿ ಇಟ್ಟಿದ್ರಿ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಮಾಂಸದಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದರ ಬೀಜಾಣು ಸಾರು ಕುದಿದರೂ ಸಾಯಲ್ಲ. ಒಣಗಿಸಿಟ್ಟ ರಾಗಿ ಬಿತ್ತನೆ ಬೀಜದ ಹಾಗೆ ಸುಮ್ನೆ ಕಾಯುತ್ತದೆ. ಸಾರು ಆರುತ್ತಾ ಆರುತ್ತಾ ನಲವತ್ತೈದು ಡಿಗ್ರಿ ಸುಮಾರಿಗೆ ಬಂದಾಗ ಅದಕ್ಕೆ ಹದ ಮಳೆ ಬಿದ್ದ ಹಾಗೆ. ಹತ್ತು ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲದು. ದೊಡ್ಡ ದಬರಿಯ ನಡುವಿನ ಸಾರು ಗಂಟೆಗಟ್ಟಲೆ ಅದೇ ಬಿಸಿಯಲ್ಲಿ ಕೂತಿರುತ್ತದೆ. ವಾಸನೆ ನೋಡಿದರೂ ಗೊತ್ತಾಗಲ್ಲ, ರುಚಿ ನೋಡಿದರೂ ಗೊತ್ತಾಗಲ್ಲ.

ಈ ಸಾರನ್ನು ಬೆಳಿಗ್ಗೆ ಕೊತಕೊತ ಕುದಿಸಿದ್ದರೆ ಬೆಳೆದಿದ್ದ ಬ್ಯಾಕ್ಟೀರಿಯಾ ಸಾಯುತ್ತಿತ್ತು. ನಾವು ಬರೀ ಬೆಚ್ಚಗೆ ಮಾಡಿದೆವು. ಅದು ಅವಕ್ಕೆ ಇನ್ನೊಂದು ಹದ ಕೊಟ್ಟ ಹಾಗಾಯಿತು.

ಹಾಗಾದರೆ ಏನಿದ್ದರೂ ಚೆನ್ನಾಗಿ ಬಿಸಿ ಮಾಡಿದರೆ ಮುಗೀತು ಅಂದುಕೊಳ್ಳಬೇಡಿ. ಅನ್ನದ ಕತೆ ಬೇರೆ. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ, ಯಾಕೆಂದರೆ ನಮ್ಮ ಕಡೆ ಬೆಳಗಿನ ತಿಂಡಿ ಅಂದರೆ ಎಷ್ಟೋ ಮನೆಯಲ್ಲಿ ರಾತ್ರಿ ಅನ್ನದ ಚಿತ್ರಾನ್ನ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ. ಅನ್ನ ಬೆಂದರೂ ಅದು ಉಳಿಯುತ್ತದೆ. ಅನ್ನ ಕುಕ್ಕರ್‌ನಲ್ಲೇ ರಾತ್ರಿಯಿಡೀ ಬೆಚ್ಚಗೆ ಕೂತರೆ ಅದು ಬೆಳೆದು ವಿಷ ಬಿಡಬಹುದು. ಆ ವಿಷ ಒಮ್ಮೆ ಅನ್ನಕ್ಕೆ ಸೇರಿದರೆ ಒಗ್ಗರಣೆಯ ಬಿಸಿಗೂ ಹೋಗಲ್ಲ, ಮೇಲೆ ಹಿಂಡಿದ ನಿಂಬೆಹುಳಿಗೂ ಹೋಗಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ಎಂಟು ಗಂಟೆಗೆ ತಿಂದು ಹೋದ ಮಗು ಹತ್ತೂವರೆಗೆ ಸ್ಕೂಲಲ್ಲಿ ವಾಂತಿ ಮಾಡಿದರೆ ಬಿಸಿಲು, ಪಿತ್ತ, ದೃಷ್ಟಿ ಅಂತೇವೆ. ಟಿಫನ್ ಬಾಕ್ಸ್ ಕಡೆ ನೋಡಲ್ಲ.

ಕೆಲವರು ಹೇಳುತ್ತಾರೆ, ನಮ್ಮ ಅಜ್ಜಿ ಕಾಲದಲ್ಲಿ ಎಲ್ಲರೂ ತಂಗಳು ತಿಂದೇ ಬದುಕಿದ್ದರು ಅಂತ. ಹೌದು, ತಿಂದಿದ್ದಾರೆ. ಆದರೆ ಅಜ್ಜಿ ತಂಗಳನ್ನು ಹಾಗೇ ಬಿಡುತ್ತಿರಲಿಲ್ಲ. ಉಳಿದ ಮುದ್ದೆಯನ್ನೋ ಅನ್ನವನ್ನೋ ಕಿವುಚಿ, ಹುಳಿ ಮಜ್ಜಿಗೆ ಹುಯ್ದು, ಮಡಕೆಯಲ್ಲಿ ಇಡುತ್ತಿದ್ದಳು. ಹುಳಿ ಮೊದಲೇ ಸೇರಿದರೆ ಇಂಥ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ನಾವು ಬಿಟ್ಟಿರುವುದು ಅವಳ ಮಜ್ಜಿಗೆಯನ್ನ, ಉಳಿಸಿಕೊಂಡಿರುವುದು ಬರೀ ತಂಗಳನ್ನ.

ಅನ್ನ ಚೆಲ್ಲಿ ಅಂತ ನಾನು ಹೇಳುತ್ತಿಲ್ಲ. ಬೋರ್‌ವೆಲ್ ಸಾವಿರ ಅಡಿ ಹೋದರೂ ನೀರು ಕಾಣದ ಜಿಲ್ಲೆ ನಮ್ಮದು. ಇಲ್ಲಿ ಒಂದು ಹಿಡಿ ಬೆಳೆಯೋ ಕಷ್ಟ ನನಗೂ ಗೊತ್ತು. ಚೆಲ್ಲದೆ ಇರಬೇಕು ಅಂದರೆ ಬೇಗ ಆರಿಸಬೇಕು. ಅಷ್ಟೇ ನಾನು ಕೇಳೋದು. ಅನ್ನವನ್ನು ಅಗಲ ತಟ್ಟೆಗೆ ತೆಳ್ಳಗೆ ಹರಡಿ. ಸಾರನ್ನು ದಬರಿಯಿಂದ ಮೂರು ನಾಲ್ಕು ಚಿಕ್ಕ ಪಾತ್ರೆಗೆ ಹಂಚಿ, ತಣ್ಣೀರು ತುಂಬಿದ ಟಬ್ಬಿನಲ್ಲಿ ಇಟ್ಟು ಕೈಯಾಡಿಸಿ. ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಯುಗಾದಿ ಹೊತ್ತಿನ ಬಿಸಿಲಲ್ಲಿ ಒಂದೇ ಗಂಟೆ. ಪೂರ್ತಿ ತಣ್ಣಗಾಗಲಿ ಅಂತ ಕಾಯಬೇಡಿ, ಸ್ವಲ್ಪ ಬೆಚ್ಚಗಿದ್ದರೆ ಫ್ರಿಜ್ಜಿಗೆ ಏನೂ ಆಗಲ್ಲ. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದು ಲೋಟ ಅಕ್ಕಿ ಕಮ್ಮಿ ಹಾಕೋದೇ ದಾರಿ.

ಇನ್ನೊಂದು ವಿಷಯ ಹೇಳಲೇಬೇಕು. ಇಪ್ಪತ್ತು ಜನಕ್ಕೆ ಬಡಿಸಿ, ಪಾತ್ರೆ ತೊಳೆದು, ರಾತ್ರಿ ಹನ್ನೊಂದಕ್ಕೆ ಸೊಂಟ ಹಿಡಿದುಕೊಂಡು ಕೂತ ಹೆಂಗಸಿಗೆ "ಸಾರು ಯಾಕೆ ಎತ್ತಿಡಲಿಲ್ಲ" ಅಂತ ಕೇಳೋದು ನ್ಯಾಯ ಅಲ್ಲ. ಆ ದಬರಿ ಎತ್ತೋಕೆ ಇಬ್ಬರು ಬೇಕು. ಊಟ ಮಾಡಿ ಕಟ್ಟೆ ಮೇಲೆ ಹರಟುತ್ತಾ ಕೂತ ಗಂಡಸರೇ, ಆ ಇಬ್ಬರು ನೀವಾಗಿ. ಹತ್ತು ನಿಮಿಷದ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಕೆಟ್ಟ ಆಹಾರದಿಂದ ಪ್ರಪಂಚದಲ್ಲಿ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4 ಲಕ್ಷದ 20 ಸಾವಿರ ಜನ ಸಾಯುತ್ತಾರೆ. ಅದರಲ್ಲಿ 1 ಲಕ್ಷದ 25 ಸಾವಿರ ಐದು ವರ್ಷದೊಳಗಿನ ಮಕ್ಕಳು. ಹೀಗಾಗಿ ಭೇದಿ ಆದ ಮಗುವಿಗೆ ನೀರು ಕೊಡಬಾರದು ಅನ್ನೋ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. ಇಲ್ಲದಿದ್ದರೆ ಒಂದು ಲೀಟರ್ ಕಾದಾರಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಅದಕ್ಕಿಂತ ಜಾಸ್ತಿ ಬೇಡ. ಗುಟುಕು ಗುಟುಕಾಗಿ ಕೊಡಿ, ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಉಚ್ಚೆ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಈ ವರ್ಷ ಹೊಸತೊಡಕಿಗೆ ನಾನು, ನನ್ನ ತಮ್ಮ ಸೇರಿ ದಬರಿಯನ್ನು ಹಿತ್ತಲಿಗೆ ಎತ್ತಿಕೊಂಡು ಹೋದೆವು. ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಟಬ್, ಅದರಲ್ಲಿ ನಾಲ್ಕು ಪಾತ್ರೆ. ತಮ್ಮ ಟಾರ್ಚ್ ಹಿಡಿದ, ನಾನು ಸೌಟು ಆಡಿಸಿದೆ. ಒಳಗಿನಿಂದ ದೊಡ್ಡಮ್ಮ ಕೂಗಿದರು, "ಟಬ್ಬಿನ ನೀರು ಬೆಚ್ಚಗಾಗಿರುತ್ತೆ ಕಣೋ, ಚೆಲ್ಲಿ ಬೇರೆ ನೀರು ಹುಯ್ಯಿರಿ."