ನೇತ್ರಾಣಿಯ ಮೀನು ಫೋಟೊದಲ್ಲಿ ನೀಲಿಯಾಗುವುದೇಕೆ?

[ಪರದೆಯಲ್ಲಿ: ನೀಲಿ ಮಂಕು ಕವಿದ ಮೀನಿನ ಫೋಟೊ]

ಕಾರವಾರದ ವೀಕ್ಷಕರೊಬ್ಬರು ಈ ಫೋಟೊ ಕಳುಹಿಸಿ ಕೇಳಿದ್ದಾರೆ: "ನೇತ್ರಾಣಿ ದ್ವೀಪದ ಬಳಿ ಸಮುದ್ರದಲ್ಲಿ ಮುಳುಗಿದಾಗ ಗಿಳಿಮೀನಿನ ಬಣ್ಣವೆಲ್ಲ ಕಣ್ಣಿಗೆ ಕಂಡಿತ್ತು. ಫೋಟೊದಲ್ಲಿ ಎಲ್ಲಿ ಹೋಯಿತು?"

ಕ್ಯಾಮೆರಾ ಯಾವುದು, ಕೇಸ್ ಯಾವುದು ಎಂಬ ಮಾತು ಈಗ ಬೇಡ. ಬಣ್ಣ ಕದ್ದದ್ದು ನೀರು. ಬೆಳಕಿನಲ್ಲಿರುವ ಕೆಂಪನ್ನು ನೀರು ಮೊದಲು ಹೀರಿಬಿಡುತ್ತದೆ. ಸುಮಾರು 5 ಮೀಟರ್ ಆಳಕ್ಕೇ ಅದರ ಬಹುಪಾಲು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಹಳದಿ. 20 ಮೀಟರ್ ಆಳದಲ್ಲಿ ಬೆರಳು ಗೀರಿಕೊಂಡರೆ ಒಸರುವ ರಕ್ತ ಹಸಿರಾಗಿ ಕಾಣುತ್ತದೆ! ನಮ್ಮ ಮೆದುಳು ಈ ನಷ್ಟವನ್ನು ಒಂದಿಷ್ಟು ತುಂಬಿಕೊಡುತ್ತದೆ, ಕ್ಯಾಮೆರಾ ಇದ್ದದ್ದನ್ನು ಇದ್ದಂತೆ ದಾಖಲಿಸುತ್ತದೆ.

ನನ್ನನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ. ಬಣ್ಣ ಕಳೆಯುವುದು ಆಳದಿಂದ ಮಾತ್ರವಲ್ಲ. ನೀವು 5 ಮೀಟರ್ ಆಳದಲ್ಲಿದ್ದೀರಿ, ಮೀನು 3 ಮೀಟರ್ ದೂರದಲ್ಲಿದೆ ಎನ್ನೋಣ. ಬಿಸಿಲು ಮೇಲಿನಿಂದ ಮೀನಿನವರೆಗೆ ಇಳಿದು, ಅಲ್ಲಿಂದ ನಿಮ್ಮ ಲೆನ್ಸಿಗೆ ಬರಬೇಕು. ಒಟ್ಟು 8 ಮೀಟರ್ ನೀರು! ಅದೇ ಮೀನಿನಿಂದ ಅರ್ಧ ಮೀಟರ್ ದೂರದವರೆಗೆ ಹೋದರೆ ಐದೂವರೆ. ಹಾಗಾಗಿ ಝೂಮ್ ಮರೆತುಬಿಡಿ. ಅದು ಮೀನನ್ನು ದೊಡ್ಡದಾಗಿಸುತ್ತದೆ, ನಡುವಿನ ನೀರನ್ನು ಕಡಿಮೆ ಮಾಡುವುದಿಲ್ಲ. ನೀರಿನಲ್ಲಿ ವಸ್ತುಗಳು ಇರುವುದಕ್ಕಿಂತ ಕಾಲುಭಾಗ ಹತ್ತಿರ ಕಾಣುತ್ತವೆ. ಆದ್ದರಿಂದ ಸಾಕಷ್ಟು ಹತ್ತಿರ ಬಂದೆ ಅನ್ನಿಸಿದ ಮೇಲೂ ಇನ್ನಷ್ಟು ಹತ್ತಿರ ಸರಿಯಿರಿ, ಮೀನನ್ನು ಅಟ್ಟಿಸದೆ, ನಿಧಾನವಾಗಿ.

"ಫ್ಲ್ಯಾಶ್ ಹಾಕಿದರಾಯಿತಲ್ಲ?" ಎಂದು ಹಲವರು ಕೇಳುತ್ತಾರೆ. ಮಳೆಗಾಲದಲ್ಲಿ ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದವರಿಗೆ ಉತ್ತರ ಗೊತ್ತಿದೆ. ಮಂಜಿನಲ್ಲಿ ಹೆಡ್‌ಲೈಟ್ ಹೈಬೀಮ್‌ಗೆ ಹಾಕಿದರೆ ರಸ್ತೆ ಕಾಣುವುದಿಲ್ಲ, ಬಿಳಿ ಗೋಡೆ ಕಾಣುತ್ತದೆ. ನೀರಿನಲ್ಲಿ ತೇಲುವ ಕಣಗಳೂ ಲೆನ್ಸಿನ ಪಕ್ಕದ ಫ್ಲ್ಯಾಶಿಗೆ ಹಾಗೆಯೇ ಹೊಳೆದು ಚಿತ್ರದ ತುಂಬ ಬಿಳಿ ಚುಕ್ಕೆ ಎರಚುತ್ತವೆ. ಬೆಳಕು ಬದಿಯಿಂದ, ಓರೆಯಾಗಿ ಬೀಳಬೇಕು. ಅಂಥ ಸಲಕರಣೆ ಇಲ್ಲದವರು ಫ್ಲ್ಯಾಶ್ ಆರಿಸಿ, ಬಿಸಿಲು ನೆತ್ತಿಯ ಮೇಲಿರುವಾಗ ಕಡಿಮೆ ಆಳದಲ್ಲಿ ತೆಗೆಯಿರಿ. ಕಾಳಿ ನದಿ ಸೇರುವ ಕಾರವಾರದ ತೀರಕ್ಕಿಂತ, ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ ನೀರು ತಿಳಿಯಾಗಿರುವುದು ನಿಮಗೆ ಅನುಕೂಲ.

[ಪರದೆಯಲ್ಲಿ: ಕೆಳಗಿನಿಂದ ಮೇಲಕ್ಕೆ ತೆಗೆದ ಮೀನಿನ ಚಿತ್ರ]

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬಿಳಿ ಫಲಕ ತೋರಿಸಿ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಪಡಿಸುವ ಸೆಟ್ಟಿಂಗ್ ಹೊಂದಿಸಿ, ಆಳ ಬದಲಾದಾಗ ಮತ್ತೆ ಹೊಂದಿಸಿ. ರಾ ಫೈಲ್‌ನಲ್ಲಿ, ಅಂದರೆ ಬಣ್ಣವನ್ನು ಆಮೇಲೆ ತಿದ್ದಲು ಅನುಕೂಲವಾದ ಕಚ್ಚಾ ರೂಪದಲ್ಲಿ ಉಳಿಸಿ. ಮೀನಿನ ಕಣ್ಣಿಗೆ ಫೋಕಸ್ ಮಾಡಿ, ತುಸು ಕೆಳಗಿನಿಂದ ತೆಗೆಯಿರಿ.

ಒಂದನ್ನು ಮಾತ್ರ ಒತ್ತಿ ಹೇಳಲೇಬೇಕು: ಕ್ಯಾಮೆರಾ ಅಲುಗಬಾರದೆಂದು ಉಸಿರು ಹಿಡಿಯಬೇಡಿ. ಸಿಲಿಂಡರಿನ ಗಾಳಿ ಎಳೆದುಕೊಂಡು ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶವೇ ಹರಿಯಬಹುದು. ಹವಳಕ್ಕೆ ಕೈಯೂರಿಯೂ ನಿಲ್ಲಬೇಡಿ, ಅದು ಜೀವಂತ ಪ್ರಾಣಿ. ಯಾವುದನ್ನೂ ಹಿಡಿಯದೆ ಒಂದೇ ಮಟ್ಟದಲ್ಲಿ ತೇಲುವುದು ಬರುವವರೆಗೆ ಕ್ಯಾಮೆರಾ ದೋಣಿಯಲ್ಲೇ ಇರಲಿ.